ಕೆಲಸ ನೋಡುವ ಶಾಸ್ತ್ರ

ವೆಂಡೆಲ್ ಕ್ರಾಬ್‌ಟ್ರೀಗೆ ಆ ದಿನ ಬೆಳಿಗ್ಗೆಯಿಂದಲೇ ಎದೆ ಡವಡವ. ಕೆಂಟಕಿಯ ಬೆಟ್ಟದ ಸೀಮೆಯಲ್ಲಿ, ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಅವನು ಮೇಲ್ವಿಚಾರಕ. ಅಲ್ಲೊಂದು ಕುರ್ಚಿ ಚಳಿಗಾಲದಿಂದ ಖಾಲಿ. ಒಂದೇ ಒಂದು ಕುರ್ಚಿ ಖಾಲಿಯಿದ್ದರೂ ನಿನಗೆ ರಜೆಯಿಲ್ಲ ಎಂದು ದೊಡ್ಡ ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು. ಅತ್ತ ಒಹಾಯೋದಲ್ಲಿ ಮಗಳು ಚೊಚ್ಚಲ ಹೆರಿಗೆಗೆ ನಾಳೆ ಆಸ್ಪತ್ರೆ ಸೇರುವವಳು. ತಾಯಿಯಿಲ್ಲದ ಹುಡುಗಿ. ಇವನೂ ಹೋಗದಿದ್ದರೆ ಅವಳಿಗೆ ಇನ್ಯಾರು?

ಮೊದಲೆಲ್ಲ ಪರೀಕ್ಷೆಯ ಅಂಕ ನೋಡಿ ಜನರನ್ನು ತೆಗೆದುಕೊಳ್ಳುತ್ತಿದ್ದರು. ಬಂದವರು ತಿಂಗಳೊಳಗೆ ಕಚೇರಿಯ ಕಾರಿನಲ್ಲಿ ಕೂತು ಅತ್ತು, ಅದರ ಕೀಲಿ ಕೊಟ್ಟು ಹೋಗುತ್ತಿದ್ದರು. ರಾಜಧಾನಿಯ ಬುದ್ಧಿವಂತರು ಈಗ ಹೊಸ ಪದ್ಧತಿ ತಂದಿದ್ದರು. ನಮ್ಮ ಹೆಣ್ಣು ನೋಡುವ ಶಾಸ್ತ್ರದ ಹಾಗೆ ಇದು ಕೆಲಸ ನೋಡುವ ಶಾಸ್ತ್ರ. ಬಂದವರು ಒಂದು ದಿನ ಜೊತೆಗೆ ಸುತ್ತಬೇಕು. ಹಳಬರೊಬ್ಬರು ಪಕ್ಕದಲ್ಲಿದ್ದು, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಬೇಕು. ಒಪ್ಪಿಗೆಯಾದರೆ ಸಂಜೆ ಸಹಿ.

"ಗ್ಲೆನ್ನಾ, ನಿಜಾನೇ ಹೇಳು. ಆದ್ರೆ ಪೂರ್ತಿ ಹೇಳ್ಬೇಡ ಮಾರಾಯ್ತಿ," ಎಂದು ವೆಂಡೆಲ್ ಅಂಗಲಾಚಿದ.

"ಅರ್ಧ ನಿಜ ಹೇಳೋಕೆ ನಾನೇನು ಎಲೆಕ್ಷನ್‌ಗೆ ನಿಂತಿದ್ದೀನಾ?" ಎಂದಳು ಗ್ಲೆನ್ನಾ. ಅವನು ಸೇರುವ ಮೊದಲಿನಿಂದಲೂ ಕಚೇರಿಯಲ್ಲಿದ್ದ ಹಳೇ ಹುಲಿ.

ನೋಡಲು ಬಂದವಳು ಕೊರಿನ್, ದನದ ಮೇವಿನ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಹುಡುಗಿ. ಅವಳನ್ನು ಸೀದಾ ಓಪಲ್ ಅಜ್ಜಿಯ ಮನೆಗೆ ಕರೆದೊಯ್ಯುವುದು ವೆಂಡೆಲನ ಉಪಾಯ. ಅಜ್ಜಿ ಅನಾಥ ಮಕ್ಕಳನ್ನು ಸಾಕುತ್ತಾಳೆ, ಬಂದವರಿಗೆ ಬಿಸಿಬಿಸಿ ಜೋಳದ ಬ್ರೆಡ್ ಕೊಡುತ್ತಾಳೆ. ಅದನ್ನು ತಿಂದವರು ಯಾವ ಕಾಗದಕ್ಕಾದರೂ ಸಹಿ ಹಾಕಿಯಾರು!

ಅರ್ಧ ದಾರಿಯಲ್ಲಿ ಶಾಲೆಯಿಂದ ಫೋನು. ಅಣ್ಣ ತಂಗಿ ಇಬ್ಬರ ತಾಯಿಯನ್ನು ಪೊಲೀಸರು ಹಿಡಿದಿದ್ದಾರೆ, ಈಗಲೇ ಬನ್ನಿ. ವೆಂಡೆಲ್ ಹಣೆ ಚಚ್ಚಿಕೊಂಡು ಕಾರು ತಿರುಗಿಸಿದ.

ಮಕ್ಕಳನ್ನು ಶಾಲೆಯಿಂದ ಕಾರಿಗೆ ಹತ್ತಿಸಿಕೊಂಡು, ಬಟ್ಟೆ ತರಲು ಅವರ ಮನೆಗೆ ಹೋದರೆ ನಾಯಿ ವೆಂಡೆಲನ ಪ್ಯಾಂಟನ್ನು ಮೊಣಕಾಲಿನವರೆಗೆ ಸೀಳಿತು. ಮಕ್ಕಳ ಮಾವ ಜಗಲಿಯಲ್ಲಿ ನಿಂತು, "ಇನ್ನೊಂದು ಹೆಜ್ಜೆ ಇಟ್ರೆ ನೋಡು!" ಎಂದು ಗುಡುಗಿದ. ಹಿಂದಿನ ಸೀಟಿನಲ್ಲಿದ್ದ ಹುಡುಗ ಹೆದರಿಕೆಯಿಂದ ಮುಂದಕ್ಕೆ ಬಾಗಿ ವೆಂಡೆಲನ ಭುಜದ ಮೇಲೆ ವಾಂತಿ ಮಾಡಿದ. ಕೊರಿನ್ ತನ್ನ ಸ್ಕಾರ್ಫಿನಿಂದ ಹುಡುಗನ ಬಾಯಿ ಒರೆಸಿದಳು. ವೆಂಡೆಲನ ಭುಜ ಯಾರಿಗೂ ನೆನಪಾಗಲಿಲ್ಲ.

ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಒಂದಾದ ಮೇಲೊಂದು ಮನೆಗೆ ಗ್ಲೆನ್ನಾ ಫೋನು ಮಾಡಿದಳು. ಎಲ್ಲ ಕಡೆಯೂ ಜಾಗವಿಲ್ಲ.

"ಯಾರೂ ಇಟ್ಕೊಳ್ದಿದ್ರೆ ಏನ್ಮಾಡ್ತೀರಿ, ಮೇಡಂ?" ಕೊರಿನ್ ಮೆಲ್ಲಗೆ ಕೇಳಿದಳು.

ವೆಂಡೆಲ್ ಕನ್ನಡಿಯಲ್ಲೇ ಕಣ್ಸನ್ನೆ ಮಾಡಿದ. ಗ್ಲೆನ್ನಾ ನೋಡಲೇ ಇಲ್ಲ.

"ಆಫೀಸಲ್ಲೇ ಮಲಗಿಸ್ತೀವಿ. ಪಕ್ಕದಲ್ಲಿ ನಾನು, ನೆಲದ ಮೇಲೆ."

"ನಿಮ್ಮನೇಲಿ ಏನೂ ಅನ್ನಲ್ವಾ?"

"ನಮ್ಮೆಜಮಾನ್ರು ಆಸ್ಪತ್ರೇಲಿದ್ದ ದಿನಾನೂ ನಾನು ಆಫೀಸಲ್ಲೇ ಇದ್ದೆ." ಇಷ್ಟು ಹೇಳಿ ಗ್ಲೆನ್ನಾ ಕಿಟಕಿಯಾಚೆ ನೋಡುತ್ತ ಕೂತಳು.

ಮುಗಿಯಿತು, ಹುಡುಗಿ ಓಡಿಹೋಗುತ್ತಾಳೆ ಎಂದುಕೊಂಡ ವೆಂಡೆಲ್. ಕೊನೆಗೆ ದೇವರ ಮೇಲೆ ಭಾರ ಹಾಕಿ ಓಪಲ್ ಅಜ್ಜಿಯ ಬಾಗಿಲಿಗೇ ಹೋದ. ಅವಳ ಮನೆಯೂ ತುಂಬಿತ್ತು.

"ಮಕ್ಕಳನ್ನ ಊರೆಲ್ಲ ಸುತ್ತಿಸಿದ್ದೀಯಲ್ಲೋ, ಬುದ್ಧಿ ಬೇಡ್ವಾ? ಒಳಗ್ ಕಳ್ಸು," ಎಂದು ಅಜ್ಜಿ ಬೈದಳು. ಅಷ್ಟು ಸಿಹಿಯಾದ ಬೈಗುಳವನ್ನು ವೆಂಡೆಲ್ ಈವರೆಗೆ ಕೇಳಿರಲಿಲ್ಲ.

ಸಂಜೆ ಕಚೇರಿಯಲ್ಲಿ ಅವನು ಕಾಗದವನ್ನು ಮುಂದೆ ತಳ್ಳಿದ. ಕೊರಿನ್ ಪೂರ್ತಿ ಓದಿದಳು. ಪೆನ್ನಿನ ತುದಿ ಕಚ್ಚಿದಳು. ಅವನ ಹರಿದ ಪ್ಯಾಂಟಿನತ್ತ ನೋಡಿದಳು.

"ಸೋಮವಾರದಿಂದ ಬರ್ತೀನಿ ಸಾರ್," ಎಂದು ಸಹಿ ಹಾಕಿದಳು.

ಅವಳು ಹೊರಗೆ ಹೋದದ್ದೇ ತಡ, ವೆಂಡೆಲ್ ಮಗಳಿಗೆ ಫೋನು ಹಚ್ಚಿದ. "ಬರ್ತಿದ್ದೀನಿ ಕಣೇ ಕಂದಾ!" ಎನ್ನುವಾಗ ಅವನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಗ್ಲೆನ್ನಾ ಒಳಗೆ ಬಂದು ತನಗೆ ಕೊಟ್ಟಿದ್ದ ಕಚೇರಿ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟಳು.

"ನಾನು ಸೇರೋವಾಗ ನಂಗೆ ಯಾರೂ ಹೀಗೆ ತೋರಿಸಿರ್ಲಿಲ್ಲ ಕಣೋ ವೆಂಡೆಲ್," ಎಂದಳು. "ಅವಳು ಒಂದೊಂದೇ ಕೇಳ್ತಿದ್ಲು, ನಾನು ಹೇಳ್ತಾ ಹೋದೆ. ಕೇಳಿಸ್ಕೊಂಡವಳು ನಾನೂ ಒಬ್ಳು ತಾನೇ? ನೋಡಿ ಆಯ್ತು. ನಂಗೆ ಈ ಕೆಲ್ಸ ಒಪ್ಪಿಗೆ ಇಲ್ಲಪ್ಪ."

ಗ್ಲೆನ್ನಾ ತನ್ನ ಕುರ್ಚಿಯ ಮೇಲಿದ್ದ ಸ್ವೆಟರನ್ನು ಎತ್ತಿಕೊಂಡು ಹೊರಟೇಹೋದಳು. ಮತ್ತೊಂದು ಕುರ್ಚಿ ಖಾಲಿ.

ಕಿವಿಗೆ ಒತ್ತಿಕೊಂಡಿದ್ದ ಫೋನಿನಲ್ಲಿ ಮಗಳು ಕೇಳುತ್ತಿದ್ದಳು: "ಡ್ಯಾಡಿ, ಎಷ್ಟೊತ್ತಿಗೆ ಹೊರಡ್ತೀಯಾ?"