ಶೇಕಡಾ ಎಪ್ಪತ್ತು ತೇವ ಮತ್ತು ಒಂದು ಹುಂಜ

ಇದನ್ನು ಹೇಳಿಬಿಡಬೇಕೆಂದು ಹೋದ ವರ್ಷ ಹೂಮಳೆ ಬೀಳುವ ಮೊದಲೇ ಅಂದುಕೊಂಡಿದ್ದೆ. ಆಮೇಲೆ ಕಾಫಿ ಹೂ ಬಿಟ್ಟಿತು, ಕಾಯಿ ಕಟ್ಟಿತು, ಹಣ್ಣಾಯಿತು, ಕೊಯ್ದು ಒಣಗಿಸಿದ್ದೂ ಆಯಿತು. ನಾನು ಮಾತ್ರ ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತಲೇ ಇದ್ದೆ. ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವ ಹಾಗೂ ಇಲ್ಲ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ಹನ್ನೆರಡು ವರ್ಷವಾಯಿತು, ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಶನಿವಾರಸಂತೆ ಪೇಟೆಯಿಂದ ಮೂರು ಮೈಲಿ ಒಳಗಿರುವ ನನ್ನ ಮನೆಯಲ್ಲಿ ಬಿಡುವಿನದೇ ರಾಶಿ. ದಿನಕ್ಕೆ ಒಂದು ಸಲ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, "ರೈಟ್ರೇ, ಊಟ ಆಯ್ತಾ?" ಎನ್ನುತ್ತಾರೆ. ನನಗಿಂತ ಎರಡು ವರ್ಷ ದೊಡ್ಡವರು. "ಆಯ್ತು ಅಕ್ಕ" ಎನ್ನುತ್ತೇನೆ. ಆಗಿರದಿದ್ದರೂ ಹಾಗೇ ಎನ್ನುತ್ತೇನೆ. ಅಲ್ಲಿಗೆ ನನ್ನ ಆ ದಿನದ ಮಾತುಕತೆ ಮುಗಿಯಿತು.

ಎಸ್ಟೇಟಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಹೆಮ್ಮೆ ಪಡುವಂಥದ್ದು ಒಂದೇ, ಮಳೆ ಅಳೆಯುವುದು. ನಮ್ಮ ಕಡೆ ಮಳೆ ಜೋರಾಗಿ ಬಂತು ಎಂದರೆ ಯಾರೂ ಒಪ್ಪುವುದಿಲ್ಲ, ಎಷ್ಟು ಇಂಚು, ಅದರ ಮೇಲೆ ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟು ಎಂದು ಕೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ಅಳತೆಯ ಗಾಜನ್ನು ಕಣ್ಣಿಗೆ ನೇರ ಹಿಡಿದು "ಒಂದು ಇಂಚು ನಲವತ್ತು ಸೆಂಟು" ಎಂದು ನಾನು ಹೇಳಿದರೆ ಸಾಹುಕಾರ್ರೂ ಎದುರು ಮಾತಾಡುತ್ತಿರಲಿಲ್ಲ. ಹಾಗಾಗಿ, ಮನೆಯಲ್ಲಿ ಏನಾದರೂ ಒಂದು ಸದ್ದು ಇರಲಿ ಎಂದು ಅಂಚೆಯಲ್ಲಿ ತರಿಸಿದ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಇನ್‌ಕ್ಯುಬೇಟರಿನ ಚೀಟಿಯಲ್ಲಿ ತೇವಾಂಶದ ಬಗ್ಗೆ ಒಂದು ಪುಟ ಎಚ್ಚರಿಕೆ ಕಂಡಾಗ ನನಗೆ ನಗು ಬಂತು. ಆಕಾಶದ ನೀರನ್ನೇ ಅಳೆದವನಿಗೆ ಒಂದು ಥರ್ಮಾಕೋಲ್ ಪೆಟ್ಟಿಗೆಯೊಳಗಿನ ತೇವ ಯಾವ ಲೆಕ್ಕ?

ಪಕ್ಕದ ಮನೆಯವರ ಹತ್ತಿರ ಆಗ ಒಂದು ಹೇಟೆ, ಒಂದು ಹುಂಜ ಇದ್ದವು. ಬೋಳು ಕತ್ತಿನ ಜಾತಿ. ಮದುವೆಯಾಗಿ ಬರುವಾಗ ತಾಯಿ ಬುಟ್ಟಿಯಲ್ಲಿಟ್ಟು ಕಳಿಸಿದ ಕೋಳಿಯ ವಂಶದಲ್ಲಿ ಉಳಿದದ್ದು ಅವೆರಡೇ. "ನಮ್ಮವ್ವನ ಕೋಳಿ" ಎಂದೇ ಅವರು ಹೇಳುತ್ತಿದ್ದದ್ದು. ಹೇಟೆ ಕಾವಿಗೆ ಕೂತ ಮಾರನೆಯ ದಿನವೇ ಅದನ್ನು ಮುಂಗುಸಿ ಹಿಡಿಯಿತು. ಹನ್ನೊಂದು ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವರು ನನ್ನ ಬಾಗಿಲಿಗೆ ಬಂದರು.

"ರೈಟ್ರೇ, ನಿಮ್ಮ ಪೆಟ್ಟಿಗೆ ನಿಜವಾಗ್ಲೂ ಮರಿ ಮಾಡ್ತದಾ, ಇಲ್ಲ ಬರೀ ಲೈಟ್ ಉರಿಸ್ತದಾ?"

"ಮಳೆ ಅಳೆದವ ನಾನು ಅಕ್ಕ. ತೇವದ ವಿಷಯ ನಂಗೆ ಹೇಳ್ಕೊಡ್ಬೇಕಾ?"

"ಅಳೆದ್ರಿ ಅಷ್ಟೇ, ಮಳೆ ತರಿಸ್ಲಿಲ್ವಲ್ಲ," ಎಂದು ಅವರು ಮೊಟ್ಟೆಗಳನ್ನು ಒಂದೊಂದಾಗಿ ಒಳಗಿಟ್ಟರು. "ಒಂದು ಮಾತು. ಕೊನೇ ಮೂರು ದಿನ ಇಣುಕೋಕೆ ಹೋಗ್ಬೇಡಿ. ಕೋಳಿನೂ ಆಗ ಜಾಗ ಬಿಟ್ಟು ಏಳಲ್ಲ."

ಚೀಟಿಯಲ್ಲೂ ಅದೇ ಇತ್ತು. ಮೊದಲ ಹದಿನೆಂಟು ದಿನ ತೇವ ಶೇಕಡಾ ಐವತ್ತು, ಕೊನೆಯ ಮೂರು ದಿನ ಎಪ್ಪತ್ತು, ಆಗ ಮುಚ್ಚಳ ತೆಗೆಯಲೇಬಾರದು. ನಾನು ಕುರ್ಚಿಯನ್ನು ಪೆಟ್ಟಿಗೆಯ ಎದುರಿಗೆ ಎಳೆದುಕೊಂಡು ಕೂತೆ. ಫೆಬ್ರವರಿಯ ಒಣಗಾಳಿಗೆ ತೇವ ತೋರಿಸುವ ಮೀಟರ್ ಮಧ್ಯಾಹ್ನ ನಲವತ್ತಕ್ಕೆ ಇಳಿಯಿತು. ಒಂದು ಬಟ್ಟಲು ನೀರಿಟ್ಟೆ, ಅರವತ್ತೈದಕ್ಕೆ ಹಾರಿತು. ಬಟ್ಟಲು ತೆಗೆದು ಒದ್ದೆ ಸ್ಪಂಜು ಇಟ್ಟೆ, ಐವತ್ತೆರಡಕ್ಕೆ ನಿಂತಿತು. ಹೆಂಡತಿಗೆ ಜ್ವರ ಬಂದಾಗಲೂ ನಾನು ಇಷ್ಟು ಸಲ ಮುಟ್ಟಿ ನೋಡಿರಲಿಲ್ಲ, ಅದೂ ನಿಜವೇ. ಆ ವಾರ ಒಂದು ಮದುವೆ ಊಟ ಬಿಟ್ಟೆ, ಐವತ್ತೆರಡನ್ನು ಒಂಟಿಯಾಗಿ ಬಿಟ್ಟು ಹೇಗೆ ಹೋಗುವುದು? ಏಳನೆಯ ದಿನ ಟಾರ್ಚ್ ಹಿಡಿದು ನೋಡಿದರೆ ಒಂಬತ್ತು ಮೊಟ್ಟೆಗಳಲ್ಲಿ ಕೆಂಪು ನರ ಹರಡಿತ್ತು. ಪಕ್ಕದ ಮನೆಯವರಿಗೆ ಹೇಳಲಿಲ್ಲ. ಒಂದೇ ಸಲ ಮರಿಗಳನ್ನೇ ತೋರಿಸಿ ಅವರ ಬಾಯಿ ಮುಚ್ಚಿಸಬೇಕೆಂಬ ಚಪಲ.

ಇಪ್ಪತ್ತನೆಯ ದಿನ ಮಧ್ಯಾಹ್ನ ಮೀಟರ್ ಎಪ್ಪತ್ತರಲ್ಲಿತ್ತು. ಪೆಟ್ಟಿಗೆಯೊಳಗಿಂದ "ಚಿಂವ್" ಎಂದಿತು. "ಯಾರು?" ಎಂದು ಕೇಳಿಬಿಟ್ಟೆ. ನಗಬೇಡಿ. ಹೆಂಡತಿ ಹೋದ ಮೇಲೆ ಆ ಮನೆಯ ಒಳಗಿನಿಂದ ನನ್ನದಲ್ಲದ ದನಿ ಎದ್ದಿರಲಿಲ್ಲ. ಮತ್ತೆ "ಚಿಂವ್" ಎಂದಿತು. ಮುಚ್ಚಳದ ಗಾಜಿನ ಕಿಂಡಿಯಿಂದ ನೋಡಿದರೆ ಒಂದು ಮೊಟ್ಟೆಯಲ್ಲಿ ಜೋಳದ ಕಾಳಿನಷ್ಟು ತೂತು, ಅದರಲ್ಲಿ ಒಂದು ಕೊಕ್ಕಿನ ತುದಿ. ಥರ್ಮಾಕೋಲಿನ ಮೂಲಕ ದನಿ ಸರಿಯಾಗಿ ಕೇಳುವುದಿಲ್ಲ. ಮುಚ್ಚಳ ತೆಗೆದೆ. ಗೊತ್ತಿದ್ದೇ ತೆಗೆದೆ. ಒಂದು ಸಲ ಅಲ್ಲ, ಸಂಜೆಯೊಳಗೆ ನಾಲ್ಕು ಸಲ; ತೆಗೆದಾಗಲೆಲ್ಲ ಕಿವಿ ಹತ್ತಿರ ಹಿಡಿದು ಅದರ ಜೊತೆ ಮಾತಾಡಿದೆ. ಮೀಟರ್ ಎಪ್ಪತ್ತರಿಂದ ನಲವತ್ತೊಂದಕ್ಕೆ ಬಿತ್ತು. ಆಮೇಲೆ ಎಷ್ಟು ನೀರಿಟ್ಟರೇನು, ಚಿಪ್ಪಿನ ಒಳಗಿನ ತೆಳು ಪೊರೆ ಅಷ್ಟರಲ್ಲೇ ಒಣಗಿ ಮರಿಗಳ ಮೈಗೆ ಅಂಟಿಕೊಂಡಿತ್ತು. ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಸುಮ್ಮನಿತ್ತು. ಒಡೆದು ನೋಡಿದರೆ ಒಂಬತ್ತೂ ಪೂರ್ತಿ ಬೆಳೆದ ಮರಿಗಳು. ಕತ್ತು ಬೋಳು.

ಅವುಗಳನ್ನು ಕಾಫಿ ಗಿಡದ ಬುಡದಲ್ಲಿ ಹೂತು ಕೈ ತೊಳೆಯುತ್ತಿರುವಾಗ ಪಕ್ಕದ ಮನೆಯವರು ಬಂದರು. ನನ್ನ ಬಾಯಿಂದ ಬಂದದ್ದು ಇಷ್ಟು: "ಒಳಗೆ ಏನೂ ಕಟ್ಟೇ ಇರ್ಲಿಲ್ಲ ಅಕ್ಕ. ನಿಮ್ಮ ಹುಂಜಕ್ಕೆ ಕಸುವಿಲ್ಲ."

ಅವರು ಖಾಲಿ ಪೆಟ್ಟಿಗೆಯೊಳಗೆ ಇಣುಕಿದರು. "ಅಷ್ಟು ಕೂಗ್ತಿತ್ತಲ್ಲ ಮುಂಡೇದು," ಎಂದರು.

ಆ ಭಾನುವಾರ ಬೇಲಿಯ ಮೇಲಿಂದ ಒಂದು ಪಾತ್ರೆ ಬಂತು. "ದಂಡಕ್ಕೆ ಯಾಕೆ ಸಾಕೋದು? ಬಿಸಿ ಇದೆ, ಹುಷಾರು." ಹುಂಜದ ಸಾರು. ಮುದಿ ಮಾಂಸ, ಆದರೆ ಕರಿಮೆಣಸು ಹದವಾಗಿ ಬಿದ್ದಿತ್ತು. ನಾನು ಉಂಡೆ. ನಿಜ ಹೇಳಬೇಕೆಂದರೆ ಎರಡನೆಯ ಸಲ ಬಡಿಸಿಕೊಂಡೆ. ಅವರ ಅವ್ವನ ಕೋಳಿಯ ವಂಶದಲ್ಲಿ ಕೊನೆಯದು ಹೀಗೆ ನನ್ನ ತಟ್ಟೆಯಲ್ಲಿ ಮುಗಿಯಿತು.

ಈಗ ಅವರು ಪೇಟೆಯಿಂದ ಬಿಳಿ ಮೊಟ್ಟೆ ತರುತ್ತಾರೆ. ಅಂಗಡಿಯಲ್ಲಿ ಯಾರಾದರೂ ನನ್ನ ಪೆಟ್ಟಿಗೆಯನ್ನು ಗೇಲಿ ಮಾಡಿದರೆ, "ರೈಟ್ರು ಮದುವೆ ಊಟ ಸುದ್ದಾ ಬಿಟ್ಟು ಕಾದ್ರು, ತಪ್ಪೆಲ್ಲ ನಮ್ಮ ಹುಂಜದ್ದು" ಎಂದು ನನ್ನ ಪರ ಜಗಳಕ್ಕೆ ನಿಲ್ಲುತ್ತಾರಂತೆ. ಹೋದ ವಾರ ಧೈರ್ಯ ಮಾಡಿ ಬೇಲಿಯ ತನಕ ಹೋದೆ. "ಅಕ್ಕ, ಆ ಹುಂಜ..." ಎಂದೆ. "ಅಯ್ಯೋ, ಇನ್ನೂ ಅದೇ ಕೊರಗಾ? ಅದಕ್ಕೂ ನಿಮ್ಮ ಹಂಗೆ ವಯಸ್ಸಾಗಿತ್ತು, ಬಿಡಿ!" ಎಂದು ನಕ್ಕರು. ನಾನೂ ನಕ್ಕು ಬಂದುಬಿಟ್ಟೆ. ಹೇಳಿದ ಮೇಲೆ ನಾಳೆಯಿಂದ ಅವರು ಬೇಲಿಯ ಹತ್ತಿರ ಬರದಿದ್ದರೆ? ಆ ಒಂದು ಮಾತೂ ಇಲ್ಲದ ದಿನವನ್ನು ಯಾವ ಗಾಜಿನಲ್ಲಿ ಅಳೆಯುವುದೋ ನನಗೆ ಗೊತ್ತಿಲ್ಲ.

ಬರೆದದ್ದನ್ನು ಈಗ ಓದಿ ನೋಡಿದರೆ, ಉದ್ದಕ್ಕೂ ಪಕ್ಕದ ಮನೆಯವರು, ಪಕ್ಕದ ಮನೆಯವರು ಎಂದು ಹೆಸರು ಮುಚ್ಚಿಟ್ಟಿದ್ದೇನೆ. ನನಗಿರುವುದೇ ಒಂದು ಪಕ್ಕದ ಮನೆ, ಇನ್ನೊಂದು ಪಕ್ಕ ಕೆರೆ. ಯಾರಿಂದ ಮುಚ್ಚಿಟ್ಟೆನೋ! ಅವರಿಗೆ ಓದಲು ಬರುತ್ತದೆ, ಕನ್ನಡಕವೂ ಇದೆ. ಜಾನಕಕ್ಕ, ಹುಂಜದ್ದೇನೂ ತಪ್ಪಿರಲಿಲ್ಲ.