ಜಲಪಾತದ ನಕ್ಷೆ ಬರೆದವರು

"ಜಲಪಾತದ ಕಾಡಿನ ಬಾಗಿಲ ಹತ್ರ ನಿಲ್ಲಿಸಿರೋ ದೊಡ್ಡ ನಕ್ಷೆ ನೀವೇ ಬರೆದಿದ್ದಂತೆ, ಹೌದಾ ಸಾರ್?" ಎಂದು ಹೊಸ ಟೈಪಿಸ್ಟ್ ಊಟದ ಡಬ್ಬಿ ಮುಚ್ಚುತ್ತ ಕೇಳಿದಳು.

ಹೌದಮ್ಮ ಎಂದು ಅಲ್ಲಿಗೇ ಬಿಟ್ಟಿದ್ದರೆ ನಕ್ಷೆಗಾರರ ಭಾನುವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಉದ್ಯಾನ ಇಲಾಖೆಯ ಮೂಲೆಯ ಮೇಜಿಗೆ ಹದಿನೆಂಟು ವರ್ಷ ಬೆನ್ನು ಬಾಗಿಸಿದವರನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವರ ಎದೆ ಆಗತಾನೇ ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಉಬ್ಬಿತು.

"ಬರೆದದ್ದೇನು ಬಂತು, ಆ ಕಾಡಿನ ಒಂದೊಂದು ಕಲ್ಲೂ ನನಗೆ ಗುರುತು," ಎಂದುಬಿಟ್ಟರು.

ನಿಜವೆಂದರೆ ಅವರು ಆ ಕಾಡಿಗೆ ಕಾಲಿಟ್ಟೇ ಇರಲಿಲ್ಲ. ಸರ್ವೆಯವರು ಕೊಟ್ಟ ಹಾಳೆಗಳನ್ನು ಮುಂದಿಟ್ಟುಕೊಂಡು, ಫ್ಯಾನಿನ ಕೆಳಗೆ ಕೂತು, ಕಾಲುದಾರಿಗಳನ್ನು ಕೆಂಪು, ನೀಲಿ ಬಣ್ಣದಲ್ಲಿ ಎಳೆದಿದ್ದರು. ಅಷ್ಟು ಚೆಂದದ ನಕ್ಷೆ ಇಲಾಖೆಯಲ್ಲಿ ಇನ್ನೊಂದಿರಲಿಲ್ಲ. ಅದೂ ನಿಜವೇ.

ಮಾತು ಮ್ಯಾನೇಜರ ಕಿವಿಗೆ ಬಿತ್ತು. ಅವರು ಈ ಊರಿಗೆ ಬಂದು ಆರೇ ತಿಂಗಳು. "ಹಾಗಾದ್ರೆ ಭಾನುವಾರ ಎಲ್ಲರೂ ಹೋಗೋಣ. ನೀವೇ ಮುಂದೆ ನಡೀರಿ," ಎಂದರು.

ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. "ಹೋದ ತಿಂಗಳು ಆಸ್ಪತ್ರೇಲಿ ನಮ್ಮಕ್ಕನ ವಾರ್ಡ್ ಹುಡುಕ್ತಾ ಹೋಗಿ ಬಟ್ಟೆ ಒಗೆಯೋ ಕೋಣೇಲಿ ನಿಂತಿದ್ರಿ. ನೀವು ದಾರಿ ತೋರಿಸ್ತೀರಾ?"

"ನಕ್ಷೆ ನನ್ನದು ಕಣೇ. ಕಾಡು ಅದರಲ್ಲಿರೋ ಹಾಗೇ ತಾನೆ ಇರೋದು?"

"ಅದು ಕಾಡಿಗೂ ಗೊತ್ತಿರ್ಬೇಕಲ್ಲ," ಎಂದ ಅವಳು ತಾನೂ ಜೊತೆಗೆ ಹೊರಟಳು.

ಭಾನುವಾರ ಬೆಳಿಗ್ಗೆ ಬಸ್ಸಿಳಿದ ಏಳು ಜನ ನಕ್ಷೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಪಕ್ಕದಲ್ಲಿ ಯಾರೋ ತಂದೆ ತನ್ನ ಮಗಳ ಬೆರಳು ಹಿಡಿದು ಕೆಂಪು ಗೆರೆಯ ಮೇಲೆ ನಡೆಸುತ್ತಿದ್ದ. "ನೋಡು, ನಾವು ಇಲ್ಲಿದ್ದೀವಿ. ನೀರು ಅಲ್ಲಿದೆ." ನಕ್ಷೆಗಾರರು ಅದನ್ನೇ ನೋಡುತ್ತ ನಿಂತರು. ತಾವೆಳೆದ ಗೆರೆಯ ಮೇಲೆ ಒಂದು ಮಗುವಿನ ಬೆರಳು ನಡೆಯುವುದನ್ನು ಅವರು ಈವರೆಗೆ ಕಂಡಿರಲಿಲ್ಲ.

ಅರ್ಧ ಗಂಟೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದು ಕವಲು ಬಂತು. ನಕ್ಷೆಯಲ್ಲಿ ಎರಡು ದಾರಿ, ನೆಲದ ಮೇಲೆ ಮೂರು. ನಕ್ಷೆಗಾರರಿಗೆ ಆಗ ನೆನಪಾಯಿತು. ಹಾಳೆಯ ಈ ಭಾಗ ಬಣಗುಟ್ಟದಿರಲೆಂದು ಅವರು ದಿಕ್ಕು ತೋರುವ ಚಕ್ರವನ್ನು ಇಲ್ಲೇ ಕೂರಿಸಿದ್ದರು. ಮೂರನೆಯ ದಾರಿ ಆ ಚಕ್ರದ ಅಡಿಯಲ್ಲಿ ಹೂತುಹೋಗಿತ್ತು.

"ಯಾವ ಕಡೆ ಸಾರ್?" ಎಂದ ಗುಮಾಸ್ತ. ಪ್ರಶ್ನೆ ಕೇಳುವುದು ಅವನ ಚಾಳಿ.

"ನೇರ," ಎಂದು ನಕ್ಷೆಗಾರರು ಸೇನಾಪತಿಯಂತೆ ಕೈ ಚಾಚಿದರು.

ದಾರಿ ಸಣ್ಣದಾಯಿತು, ಆಮೇಲೆ ಇನ್ನೂ ಸಣ್ಣದಾಯಿತು. ಟೈಪಿಸ್ಟಳ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಗುಮಾಸ್ತ ಬಿಡಲಿಲ್ಲ.

"ಸಾರ್, ಇದಕ್ಕೆ ಏನಂತಾರೆ?"

"ಆಮೆ ಬಂಡೆ."

ಕಾಲು ಗಂಟೆಯ ಮೇಲೆ, "ಸಾರ್, ಇದು?"

"ಇದೂ ಆಮೆ ಬಂಡೆಯೇ. ಹಿಂದೆ ನೋಡಿದ್ದು ಹೆಣ್ಣು."

ಅಷ್ಟರಲ್ಲಿ ಮ್ಯಾನೇಜರು ಕಾಲು ಜಾರಿ, ಕೂತ ಭಂಗಿಯಲ್ಲೇ ಹತ್ತು ಮಾರು ಕೆಳಗಿಳಿದು ಒಂದು ಪೊದೆಯಲ್ಲಿ ನಿಂತರು. "ಈ ಇಳಿಜಾರು ನಕ್ಷೇಲಿ ಕಾಣಲಿಲ್ವಲ್ರೀ," ಎಂದರು.

"ಕಾಗದದ ಮೇಲೆ ಎಲ್ಲಾ ಚಪ್ಪಟೆಯಾಗೇ ಕಾಣೋದು ಸಾರ್," ಎಂದು ನಕ್ಷೆಗಾರರು ಹಿಂದೆಯೇ ಇಳಿದು ಬಂದು ಅವರ ಪ್ಯಾಂಟಿಗೆ ಹತ್ತಿದ ಮುಳ್ಳು ಬಿಡಿಸಿದರು. ಹೆಂಡತಿ ಪಿಸುಗುಟ್ಟಿದಳು, "ದಾರಿ ತಪ್ಪಿದೆ ಅಂತ ಈಗ್ಲಾದ್ರೂ ಹೇಳಿ." ಹೇಳಲೇಬೇಕೆಂದು ಅವರು ಬಾಯಿ ತೆರೆದರು. ಅಷ್ಟರಲ್ಲಿ ಪೊದೆಯಾಚೆ ನೀರಿನ ಮೊರೆತ ಕೇಳಿತು.

ಕೊಂಬೆ ಸರಿಸಿದರೆ ಎದುರಿಗೇ ಜಲಪಾತ. ಎಲ್ಲರೂ ಕೆಳಗೆ ನಿಂತು ಕತ್ತೆತ್ತಿ ನೋಡುವ ಜಲಪಾತ ಇಲ್ಲಿ ಕಣ್ಣಿನ ಮಟ್ಟಕ್ಕೇ ಬಂದು ನಿಂತಿತ್ತು. ಬಂಡೆಯ ಹಾಸಿನ ತುದಿಯಿಂದ ಕೈ ಚಾಚಿದರೆ ತುಂತುರು ಅಂಗೈಗೆ ಬೀಳುತ್ತಿತ್ತು. ಕೆಳಗೆ ಕಂದರದಲ್ಲಿ ಒಂದು ಕಾಮನಬಿಲ್ಲು ಅಲುಗದೆ ನಿಂತಿತ್ತು.

ಮೊದಲು ಮ್ಯಾನೇಜರು ನಕ್ಷೆಗಾರರ ಕೈ ಕುಲುಕಿದರು. "ಇಂಥ ಜಾಗಾನ ಇಷ್ಟು ವರ್ಷ ಗುಟ್ಟಾಗಿ ಇಟ್ಕೊಂಡಿದ್ರಲ್ರೀ." ಒಂಟಿ ಚಪ್ಪಲಿಯ ಟೈಪಿಸ್ಟ್ ಚಪ್ಪಾಳೆ ತಟ್ಟಿದಳು. ಹೆಂಡತಿ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದಳು. ಮದುವೆಯಾದ ಮೇಲೆ ನಾಲ್ಕು ಜನರೆದುರು ಅವಳು ಹಾಗೆ ಮಾಡಿದ್ದು ಅದೇ ಮೊದಲು. ನಕ್ಷೆಗಾರರು ಬೆನ್ನು ನೆಟ್ಟಗೆ ಮಾಡಿ ನಿಂತರು.

ಆಗ ಹಿಂದಿನಿಂದ ಸೀಟಿ ಕೇಳಿಸಿತು. ಖಾಕಿ ತೊಟ್ಟ ಕಾವಲುಗಾರನೊಬ್ಬ ಬಂದು ತಲೆ ಎಣಿಸಿದ. "ಏಳು ಜನಾನಾ? ಬನ್ನಿ, ಕರ್ಕೊಂಡು ಹೋಗ್ತೀನಿ. ನೀವೂ ಬಾಗಿಲ ಹತ್ರ ಇರೋ ಆ ನಕ್ಷೆ ನೋಡ್ಕೊಂಡು ಬಂದೋರು ತಾನೆ?"

"ನೋಡ್ಕೊಂಡು ಬರೋದೇನು," ಎಂದರು ಮ್ಯಾನೇಜರು ಹೆಮ್ಮೆಯಿಂದ. "ಅದನ್ನ ಬರೆದೋರೇ ಇವರು."

ಕಾವಲುಗಾರ ನಕ್ಷೆಗಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೊಡೆದೇಬಿಡುತ್ತಾನೆಂದು ಅವರು ಅರ್ಧ ಹೆಜ್ಜೆ ಹಿಂದೆ ಸರಿದರು. ಅವನು ಎರಡೂ ಕೈ ಜೋಡಿಸಿದ.

"ಒಂಬತ್ತು ವರ್ಷದಿಂದ ನಿಮ್ಮನ್ನ ನೋಡ್ಬೇಕು ಅಂತಿದ್ದೆ ಸಾರ್. ನಿಮ್ಮ ನಕ್ಷೆ ನಂಬಿದೋರೆಲ್ಲ ದಾರಿ ತಪ್ಪಿ ಇಲ್ಲಿಗೇ ಬಂದು ಸೇರ್ತಾರೆ. ಅವರನ್ನ ವಾಪಸ್ ಬಿಡೋಕೆ ಅಂತಲೇ ಇಲಾಖೆಯೋರು ನನ್ನ ಕೆಲಸಕ್ಕೆ ತಗೊಂಡಿದ್ದು. ಇಬ್ಬರು ಹೆಣ್ಮಕ್ಕಳನ್ನ ಓದಿಸಿದೆ. ಎಲ್ಲಾ ನಿಮ್ಮ ಕೈಗುಣ."

ಗುಮಾಸ್ತ ಕೆಮ್ಮಿದ. ಮ್ಯಾನೇಜರು ತಮ್ಮ ಹರಿದ ಪ್ಯಾಂಟನ್ನೊಮ್ಮೆ, ನಕ್ಷೆಗಾರರನ್ನೊಮ್ಮೆ ನೋಡಿದರು. ಹಿಂದಿರುಗುವ ದಾರಿಯುದ್ದಕ್ಕೂ ಯಾರೂ ಯಾವ ಬಂಡೆಯ ಹೆಸರನ್ನೂ ಕೇಳಲಿಲ್ಲ.

ಸೋಮವಾರ ನಕ್ಷೆಗಾರರು ರಬ್ಬರು, ಪೆನ್ಸಿಲು ಹಿಡಿದು ಮ್ಯಾನೇಜರ ಮುಂದೆ ನಿಂತರು. "ತಿದ್ದಿಬಿಡ್ತೀನಿ ಸಾರ್."

"ತಿದ್ದೋದು ಬೇಡ. ಅಂಥ ಜಾಗ ಜನಕ್ಕೆ ತಪ್ಪಿಹೋಗುತ್ತೆ, ಆ ಮನುಷ್ಯನ ಕೆಲಸಾನೂ ಹೋಗುತ್ತೆ," ಎಂದ ಮ್ಯಾನೇಜರು ಒಂದು ಆದೇಶಕ್ಕೆ ಸಹಿ ಹಾಕಿದರು. "ಆದ್ರೆ ಪಾಪ, ಅವನಿಗೆ ಒಂದು ದಿನಾನೂ ರಜೆ ಇಲ್ಲ. ಇನ್ಮೇಲೆ ಭಾನುವಾರದ ಕಾವಲು ನಿಮ್ಮದು. ಒಂದೊಂದು ಕಲ್ಲೂ ಗುರುತು ಅಂದ್ರಲ್ಲ."

ಮುಂದಿನ ಭಾನುವಾರ ಮಧ್ಯಾಹ್ನ ಒಂಬತ್ತು ಜನ ದಾರಿ ತಪ್ಪಿ ಬಂಡೆಯ ಹಾಸಿಗೆ ಬಂದರು. ಕೊರಳಲ್ಲಿ ಸೀಟಿ ಹಾಕಿಕೊಂಡ ಒಬ್ಬರು ಬೆಳಿಗ್ಗೆಯಿಂದಲೂ ಅಲ್ಲೇ ಕೂತಿದ್ದರು.

"ಸಾರ್, ವಾಪಸ್ ಹೋಗೋ ದಾರಿ ಯಾವುದು?"

"ಅವಸರ ಮಾಡ್ಬೇಡಿ, ಕೂತ್ಕೊಳ್ಳಿ," ಎಂದರು ನಕ್ಷೆಗಾರರು ಬಲು ಗಂಭೀರವಾಗಿ. "ಇಂಥ ನೋಟ ಎಲ್ಲರಿಗೂ ಸಿಗೋದಿಲ್ಲ."