ಹತ್ತೊಂಬತ್ತು ದಿನದ ಭಾಷೆ

೧೯೮೪ರ ಅಕ್ಟೋಬರ್ ಒಂಬತ್ತು, ಮಂಗಳವಾರ. ಬೆಳಿಗ್ಗೆ ಮಂಜು, ಹನ್ನೊಂದರ ನಂತರ ಬಿಸಿಲು. ಅಂದು ದಾಗೆಸ್ತಾನದ ನಮ್ಮ ಬೆಟ್ಟದೂರು ಮೇಲಿನ ಕಿಂಖಿಗೆ ಭಾಷಾ ತನಿಖಾಧಿಕಾರಿ ಸುರ್ಖಾಯ್ ಕುದುರೆಯ ಮೇಲೆ ಬಂದರು.

ಪ್ರತ್ಯೇಕ ಭಾಷೆಯಿಲ್ಲದ ಊರಿಗೆ ಪ್ರತ್ಯೇಕ ಶಾಲೆಯಿಲ್ಲವೆಂದು ಕಚೇರಿ ಸುತ್ತೋಲೆ ಹೊರಡಿಸಿತ್ತು. ನಮ್ಮ ಮಾತೂ ಹಳ್ಳ ದಾಟಿ ಇಳಿದರೆ ಸಿಗುವ ಕೆಳಗಿನ ಕಿಂಖಿಯ ಮಾತೂ ಒಂದೇ. ಶಾಲೆ ಮುಚ್ಚಿದರೆ, ಹಿಮ ಬಿದ್ದು ದಾರಿ ಕಟ್ಟುವ ಐದು ತಿಂಗಳು ನಮ್ಮ ಹನ್ನೊಂದು ಮಕ್ಕಳು ಕೆಳಗಿನ ಶಾಲೆಗಾಗಿ ಅಲ್ಲೇ ಕಂಡವರ ಮನೆಯಲ್ಲಿರಬೇಕು.

ಆದ್ದರಿಂದ ಅಧಿಕಾರಿ ಬರುವ ಮುಂಚೆಯೇ ಹತ್ತೊಂಬತ್ತು ದಿನದಲ್ಲಿ ಒಂದು ಭಾಷೆ ಮಾಡಿದೆವು. ಮನೆಗೆ ನಲವತ್ತು ಪದ ಎಂದು ಊರಹಿರಿಯ ಖಿಜ್ರಿ ಗೊತ್ತುಮಾಡಿದ. ಗಿರಣಿಯವರು ತಂದದ್ದೆಲ್ಲ ಹಿಟ್ಟಿಗೆ ಸಂಬಂಧಿಸಿದ್ದು. ಅತ್ತೆ ಸೊಸೆ ಜಗಳವಾಡುವ ಮನೆಯಿಂದ ತೊಂಬತ್ತು ಬಂದವು. ಹೆಚ್ಚಿನವನ್ನು ಪಠ್ಯದಿಂದ ಕೈಬಿಡಲಾಯಿತು. ಉಮುಖೈರ್ ಅಜ್ಜಿ ಮಾತ್ರ ಒಪ್ಪಲಿಲ್ಲ.

"ನಾನೇನೋ ಕಲಿತೇನಪ್ಪಾ. ನನ್ನ ಮೇಕೆಗೆ ಯಾರು ಕಲಿಸ್ತೀರಿ?"

ಅಧಿಕಾರಿ ಬಂದ ದಿನ ಊಟಕ್ಕೆ ಖಿಂಕಾಲ್ ಎಂಬ ಹಿಟ್ಟಿನ ಕಡುಬು, ಒಣಮಾಂಸ. ಮಕ್ಕಳು ಹೊಸ ಭಾಷೆಯಲ್ಲಿ ಪಾಠ ಒಪ್ಪಿಸಿದರು. ಸುರ್ಖಾಯ್ ತಿಂದರು, ಬರೆದುಕೊಂಡರು. ಅಷ್ಟರಲ್ಲಿ ಹೊರಗೆ ಅಜ್ಜಿ ಹಳೆಯ ಮಾತಿನಲ್ಲಿ ಮೇಕೆಯನ್ನು ಬೈಯತೊಡಗಿದಳು. ಅಧಿಕಾರಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

"ಎಷ್ಟು ಚೆಂದದ ಮಾತು," ಎಂದರು.

ನಾವೆಲ್ಲ ಖಿಜ್ರಿಯ ಕಡೆ ತಿರುಗಿದೆವು. ಅತಿಥಿ ಹೊಗಳಿದ್ದನ್ನು ಅತಿಥಿಗೇ ಕೊಟ್ಟುಬಿಡುವುದು ನಮ್ಮ ಪದ್ಧತಿ. ಅಧಿಕಾರಿಗಳು ಬರುವ ದಿನ ಕಂಬಳಿ, ಕಠಾರಿ ಅಡಗಿಸುವುದು ಅದಕ್ಕೇ. ಮಾತನ್ನೂ ಅಡಗಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಖಿಜ್ರಿ ಎದ್ದು ನಿಂತ. "ಇನ್ನು ಅದು ನಿಮ್ದೇ. ತಗೊಂಡು ಹೋಗಿ."

ಸುರ್ಖಾಯ್ ಪದ್ಧತಿಯಂತೆ ಮೂರು ಸಲ ಬೇಡವೆಂದು, ನಾಲ್ಕನೆಯ ಸಲ ರಸೀದಿ ಬರೆದುಕೊಟ್ಟರು: 'ಮಾತು ಒಂದು. ಬಳಸಿದ್ದು. ಸುಸ್ಥಿತಿಯಲ್ಲಿದೆ.' ಊರಿನಲ್ಲಿ ಉಳಿದದ್ದು ಹೊಸ ಭಾಷೆಯೊಂದೇ ಆದ್ದರಿಂದ, ಶಾಲೆಯ ಆದೇಶಕ್ಕೂ ಅಲ್ಲೇ ಮೊಹರು ಬಿತ್ತು.

ಕೊಟ್ಟದ್ದನ್ನು ಮತ್ತೆ ಬಳಸುವುದು ಮರ್ಯಾದೆಯಲ್ಲ. ಅಂದಿನಿಂದ ನಾವು ಹೊಸದನ್ನೇ ಆಡುತ್ತೇವೆ. ಹಿಟ್ಟಿನ ವಿಷಯಕ್ಕೆ, ಜಗಳಕ್ಕೆ ಏನೂ ಕೊರತೆಯಿಲ್ಲ. ಬೈಯಬೇಕೆನಿಸಿದಾಗ ಅಜ್ಜಿ ಮೇಕೆಯನ್ನು ಹಳ್ಳದಾಚೆಗೆ ಹೊಡೆದುಕೊಂಡು ಹೋಗುತ್ತಾಳೆ. ಅಲ್ಲಿ ಆ ಮಾತನ್ನು ಇನ್ನೂ ಯಾರೂ ಹೊಗಳಿಲ್ಲ.

ಹಿಮ ಕರಗಿದ ಮೇಲೆ ಕೆಳಗಿನ ಕಿಂಖಿಯ ಹಿರಿಯ ಮುತಾಯ್ ಬಂದ. "ಶಾಲೆ ಉಳಿಸ್ಕೊಂಡ್ರಲ್ಲ ಖಿಜ್ರಿ, ಆ ಮನುಷ್ಯನಿಗೆ ಏನು ಕೊಟ್ರಿ?"

ಖಿಜ್ರಿ ಹೊಸ ಭಾಷೆಯಲ್ಲಿ ಉತ್ತರಿಸಿದ. ಮುತಾಯ್‌ಗೆ ತಿಳಿಯಲಿಲ್ಲ. ಖಿಜ್ರಿ ಅವನ ಕೈಹಿಡಿದು ಹಳ್ಳ ದಾಟಿಸಿದ, ಸುತ್ತ ನೋಡಿದ.

"ಈಗ ನೀನು ಯಾವ ಮಾತಲ್ಲಿ ಕೇಳಿದೆಯೋ, ಅದನ್ನ," ಎಂದ.